ಕೋರಮಂಡಲ್‌ನ ಚಿತ್ರವನ್ನು ಯಾರು ಯಾರಿಗೆ ಕಳಿಸುತ್ತಾರೆ?

ಇನ್‌ಸ್ಟಾಗ್ರಾಮ್‌ನಲ್ಲಿ ಕೆಜಿಎಫ್ ಎಂದು ಹುಡುಕಿದರೆ ಮೊದಲು ಕಣ್ಣಿಗೆ ಬೀಳುವುದು ಊರಲ್ಲ, ಸಿನಿಮಾ. 2018ರ ಡಿಸೆಂಬರ್ 21ರಂದು ಪ್ರಶಾಂತ್ ನೀಲ್ ನಿರ್ದೇಶನದ ಚಿತ್ರದ ಮೊದಲ ಭಾಗ ಬಂತು. 2022ರ ಏಪ್ರಿಲ್ 14ರಂದು ಎರಡನೆಯದು ಬಂತು. ಅಲ್ಲಿಗೆ ಕೋಲಾರ ಜಿಲ್ಲೆಯ ಒಂದು ಚಿನ್ನದ ಗಣಿ ಊರಿನ, ಅಂದರೆ ಕೋಲಾರ್ ಗೋಲ್ಡ್ ಫೀಲ್ಡ್ಸ್‌ನ, ಹೆಸರು ದೇಶದ ಮೂಲೆಮೂಲೆಯ ಮೊಬೈಲುಗಳನ್ನು ಸೇರಿತು. ಚಿತ್ರೀಕರಣ ನಡೆದ ಸೈನೈಡ್ ದಿಬ್ಬಗಳ ಮೇಲೆ ನಿಂತು, ಹಿನ್ನೆಲೆಗೆ ರವಿ ಬಸ್ರೂರು ಸಂಗೀತ ಹಾಕಿ, ನಿಧಾನಗತಿಯಲ್ಲಿ ನಡೆದು ಬರುವ ರೀಲುಗಳನ್ನು ಊರಿನ ಹುಡುಗರೂ ಮಾಡಿದರು, ಬೆಂಗಳೂರಿನಿಂದ ಬೈಕಿನಲ್ಲಿ ಬಂದವರೂ ಮಾಡಿದರು. ಅಂಥ ರೀಲುಗಳು ಚೆನ್ನಾಗಿ ಓಡಿದವು.

ಆದರೆ ಓಡಿದ ರೀಲಿನ ಹಿಂದೆ ಖಾತೆ ಬೆಳೆಯಲಿಲ್ಲ. ರಾಬರ್ಟ್‌ಸನ್‌ಪೇಟೆ, ಆಂಡರ್‌ಸನ್‌ಪೇಟೆ, ಬಂಗಾರಪೇಟೆಯ ಹುಡುಗ ಹುಡುಗಿಯರು ನಡೆಸುವ ಊರಿನ ಪುಟಗಳನ್ನು ಗಮನವಿಟ್ಟು ನೋಡುತ್ತ ಬಂದವರಿಗೆ ಇದು ಗೊತ್ತಿರುವ ಸಂಗತಿ. ಸಿನಿಮಾದ ಗುಂಗಿನಲ್ಲಿ ಬಂದವರು ನೋಡುತ್ತಾರೆ, ಹೋಗುತ್ತಾರೆ. ಅವರಿಗೆ ಬೇಕಿದ್ದದ್ದು ನಾಯಕ, ಊರಲ್ಲ. ಅದೇ ಪುಟದಲ್ಲಿ ಊರಿಗಾಂವ್‌ನ ಹಳೆಯ ಬಂಗಲೆಯ ಒಂದು ಸಾದಾ ಚಿತ್ರ ಹಾಕಿದರೆ ನೋಡುವವರು ಕಡಿಮೆ. ಆದರೆ ಕಾಮೆಂಟಿನಲ್ಲಿ ಮಾತು ನಿಲ್ಲುವುದೇ ಇಲ್ಲ. ‘ಇದರ ಹಿಂದೆ ನಮ್ಮ ಅಜ್ಜಿ ಮನೆಯಿತ್ತು’ ಎಂದು ಒಬ್ಬರು. ‘ಯಾವ ಲೈನು?’ ಎಂದು ಇನ್ನೊಬ್ಬರು; ಲೈನು ಎಂದರೆ ಇಲ್ಲಿ ಗಣಿ ಕಾರ್ಮಿಕರ ಮನೆಗಳ ಸಾಲು. ಹೀಗೆ ಮಾತಿಗಿಳಿಯುವ ನೋಡುಗರೇ ಉಳಿಯುವವರು. ಊರಿನ ಚಿತ್ರಗಳಿಗೆ ನೋಡುಗರನ್ನು ಬೆಳೆಸುವ ಕೆಲಸ ಇವರಿಂದಲೇ ಶುರುವಾಗಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ಆ ನಂಬಿಕೆಗೆ ಭಾವುಕತೆಯಷ್ಟೇ ಕಾರಣವಲ್ಲ, ಇನ್‌ಸ್ಟಾಗ್ರಾಮ್ ಕೆಲಸ ಮಾಡುವ ರೀತಿಯೂ ಕಾರಣ.

2010ರ ಅಕ್ಟೋಬರ್ 6ರಂದು ಕೆವಿನ್ ಸಿಸ್ಟ್ರಮ್ ಮತ್ತು ಮೈಕ್ ಕ್ರೀಗರ್ ಶುರು ಮಾಡಿದಾಗ ಇನ್‌ಸ್ಟಾಗ್ರಾಮ್ ಬಹಳ ಸರಳವಾಗಿತ್ತು. ನೀವು ಹಿಂಬಾಲಿಸುವವರು ಹಾಕಿದ ಫೋಟೊಗಳು ಹಾಕಿದ ಹೊತ್ತಿನ ಸರದಿಯಲ್ಲೇ ಕಾಣುತ್ತಿದ್ದವು. 2012ರಲ್ಲಿ ಫೇಸ್‌ಬುಕ್ ಅದನ್ನು ನೂರು ಕೋಟಿ ಡಾಲರಿಗೆ ಕೊಂಡಿತು. 2016ರಲ್ಲಿ ಸರದಿ ಹೋಗಿ, ನಿಮಗೆ ಯಾವುದು ಇಷ್ಟವಾದೀತು ಎಂದು ಯಂತ್ರವೇ ಊಹಿಸಿ ಜೋಡಿಸುವ ಕ್ರಮ ಬಂತು. 2020ರ ಜೂನ್ ಕೊನೆಯಲ್ಲಿ ಭಾರತ ಟಿಕ್‌ಟಾಕ್ ಅನ್ನು ನಿಷೇಧಿಸಿದ ಕೆಲವೇ ದಿನಗಳಲ್ಲಿ ಇಲ್ಲಿ ರೀಲ್ಸ್ ಶುರುವಾಯಿತು. ಅಲ್ಲಿಂದ ಮುಂದೆ ನೀವು ಹಿಂಬಾಲಿಸದವರ ವಿಡಿಯೊಗಳೂ ಪರದೆಯ ತುಂಬ ಬರತೊಡಗಿದವು. ಹತ್ತು ಜನ ಫಾಲೋವರ್‌ಗಳಿರುವ ಬೇತಮಂಗಲದ ಹುಡುಗಿಯ ರೀಲು ಲಕ್ಷ ಜನರನ್ನು ತಲುಪುವ ಸಾಧ್ಯತೆ ಹುಟ್ಟಿದ್ದು ಹೀಗೆ.

ಯಂತ್ರ ಯಾವುದನ್ನು ನೋಡಿ ಊಹಿಸುತ್ತದೆ? ಇನ್‌ಸ್ಟಾಗ್ರಾಮ್‌ನ ಮುಖ್ಯಸ್ಥ ಆಡಮ್ ಮೊಸ್ಸೇರಿ 2021ರಿಂದ ಇದನ್ನು ಆಗಾಗ ಬಹಿರಂಗವಾಗಿ ವಿವರಿಸುತ್ತ ಬಂದಿದ್ದಾರೆ. ಎಲ್ಲಕ್ಕೂ ಒಂದೇ ಲೆಕ್ಕಾಚಾರವಿಲ್ಲ. ಫೀಡ್, ಸ್ಟೋರಿ, ರೀಲ್ಸ್, ಎಕ್ಸ್‌ಪ್ಲೋರ್, ಹುಡುಕಾಟ ಒಂದೊಂದಕ್ಕೂ ಒಂದೊಂದು ಲೆಕ್ಕ. 2025ರ ಆರಂಭದಲ್ಲಿ ಅವರು ಮುಖ್ಯವಾದ ಮೂರನ್ನು ಹೆಸರಿಸಿದರು: ಜನ ಎಷ್ಟು ಹೊತ್ತು ನೋಡಿದರು, ಎಷ್ಟು ಜನ ಲೈಕ್ ಒತ್ತಿದರು, ಎಷ್ಟು ಜನ ಅದನ್ನು ಬೇರೆಯವರಿಗೆ ಕಳಿಸಿದರು. ಇದರಲ್ಲಿ ಗಮನಿಸಬೇಕಾದ ಮಾತೊಂದಿದೆ. ಈಗಾಗಲೇ ನಿಮ್ಮನ್ನು ಹಿಂಬಾಲಿಸುವವರನ್ನು ತಲುಪಲು ಲೈಕಿಗೆ ತೂಕ ಹೆಚ್ಚು. ನಿಮ್ಮನ್ನು ಕಂಡರಿಯದ ಹೊಸಬರನ್ನು ತಲುಪಲು ಕಳಿಸುವಿಕೆಗೆ, ಅಂದರೆ ಒಬ್ಬರು ಇನ್ನೊಬ್ಬರ ಇನ್‌ಬಾಕ್ಸಿಗೆ ದಾಟಿಸುವುದಕ್ಕೆ, ತೂಕ ಹೆಚ್ಚು. ನೋಡಿದವರ ಸಂಖ್ಯೆಗೆ ಹೋಲಿಸಿ ಇವನ್ನು ಅಳೆಯುತ್ತಾರೆ. ಹಾಗಾಗಿ ಸಾವಿರ ಜನ ನೋಡಿ ಐವತ್ತು ಜನ ಕಳಿಸಿದ ಚಿತ್ರ, ಹತ್ತು ಸಾವಿರ ಜನ ನೋಡಿ ಐವತ್ತೇ ಜನ ಕಳಿಸಿದ ಚಿತ್ರಕ್ಕಿಂತ ಗಟ್ಟಿ.

ಈ ಲೆಕ್ಕ ತಿಳಿದ ಮೇಲೆ ಚಿತ್ರ ಹಾಕುವವರು ಕೇಳಿಕೊಳ್ಳಬೇಕಾದ ಪ್ರಶ್ನೆಯೇ ಬದಲಾಗುತ್ತದೆ. ‘ಇದು ಚೆನ್ನಾಗಿದೆಯೇ?’ ಎಂದು ಕೇಳಿದರೆ ಸಾಲದು. ‘ಇದನ್ನು ಯಾರು ಯಾರಿಗೆ ಕಳಿಸುತ್ತಾರೆ?’ ಎಂದು ಕೇಳಬೇಕು.

ಕೆಜಿಎಫ್‌ನಷ್ಟು ಈ ಪ್ರಶ್ನೆಗೆ ಸಿದ್ಧ ಉತ್ತರವಿರುವ ಊರು ಕರ್ನಾಟಕದಲ್ಲಿ ಇನ್ನೊಂದಿದೆಯೋ ಇಲ್ಲವೋ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿಗೆ ಕಾಲಿಟ್ಟ ಮೇಲೆ ಮದ್ರಾಸ್ ಪ್ರಾಂತ್ಯದ ತಮಿಳು, ತೆಲುಗು ಜಿಲ್ಲೆಗಳಿಂದ ಕೂಲಿಯವರು ಬಂದರು. ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಗಣಿ ನಿಪುಣರು ಬಂದರು. ಆಂಗ್ಲೊ-ಇಂಡಿಯನ್ ಕುಟುಂಬಗಳು ನೆಲೆಸಿದವು. ಸುತ್ತಲಿನ ಕನ್ನಡ, ತೆಲುಗು ಹಳ್ಳಿಗಳ ನಡುವೆ ಐದಾರು ಭಾಷೆಯ ಒಂದು ಪಟ್ಟಣ ಎದ್ದಿತು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು, 1962ರಲ್ಲಿ ಅವು ಕೇಂದ್ರಕ್ಕೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಹುಟ್ಟಿತು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಕೆಲಸ ಹೋದ ಮನೆಗಳ ಮಕ್ಕಳು ಬೆಂಗಳೂರಿಗೆ, ಚೆನ್ನೈಗೆ, ಕೊಲ್ಲಿ ದೇಶಗಳಿಗೆ ಹೋದರು. ಆಂಗ್ಲೊ-ಇಂಡಿಯನ್ನರು ಅದಕ್ಕೂ ಮೊದಲೇ ಆಸ್ಟ್ರೇಲಿಯಾ, ಇಂಗ್ಲೆಂಡ್, ಕೆನಡಾ ಸೇರಿದ್ದರು. ಇವತ್ತಿಗೂ ಸಾವಿರಾರು ಜನ ಮಾರಿಕುಪ್ಪಂನಲ್ಲಿ ರೈಲು ಹತ್ತಿ, ಚಾಂಪಿಯನ್, ಊರಿಗಾಂವ್, ಕೋರಮಂಡಲ್ ದಾಟಿ, ಬಂಗಾರಪೇಟೆಯ ಮೇಲೆ ಬೆಂಗಳೂರಿನ ಕೆಲಸಕ್ಕೆ ಹೋಗಿ ರಾತ್ರಿ ಮರಳುತ್ತಾರೆ. ಆ ಎರಡೂ ಹೊತ್ತಿನಲ್ಲಿ ಅವರ ಕೈಯಲ್ಲಿ ಮೊಬೈಲಿರುತ್ತದೆ.

ಊರು ಬಿಟ್ಟವರ ಊರು ಇದು. ಅಣ್ಣ ದುಬೈಯಲ್ಲಿ, ತಂಗಿ ಕೃಷ್ಣರಾಜಪುರದಲ್ಲಿ, ಶಾಲೆಯ ಗೆಳೆಯ ಪರ್ತ್‌ನಲ್ಲಿ. ಕೋರಮಂಡಲ್ ಸ್ಟೇಷನ್ನಿನ ಕಲ್ಲುಬೆಂಚಿನ ಚಿತ್ರವನ್ನು ಒಬ್ಬರು ನೋಡಿದರೆ ಉಳಿದಿಬ್ಬರಿಗೆ ಕಳಿಸದೆ ಇರಲಾರರು. ಸಿನಿಮಾ ಗುಂಗಿನ ರೀಲು ಲಕ್ಷ ಜನರ ಕಣ್ಣಿಗೆ ಬಿದ್ದೂ ಹುಟ್ಟಿಸಲಾರದ ಕಳಿಸುವಿಕೆಯನ್ನು ಈ ಬೆಂಚು ಹುಟ್ಟಿಸುತ್ತದೆ. ಆ ಕಳಿಸುವಿಕೆಯನ್ನು ಕಂಡ ಯಂತ್ರ ಚಿತ್ರವನ್ನು ಹೊಸಬರ ಮುಂದೆ ಇಡುತ್ತದೆ. ಹೊರಗಿನ ನೋಡುಗರು ಆಮೇಲೆ ಬರುತ್ತಾರೆ. ಊರಿನವರ ಮಾತು ಕೇಳಿ ಕುತೂಹಲದಿಂದ ನಿಲ್ಲುತ್ತಾರೆ.

ಚಿತ್ರದ ಜೊತೆಗಿನ ಬರಹದಲ್ಲೇ ಹೆಚ್ಚಿನ ಪುಟಗಳು ಸೋಲುತ್ತವೆ. ‘ಬ್ಯೂಟಿಫುಲ್ ಕೆಜಿಎಫ್’ ಎಂದು ಬರೆದು ಒಂದು ಹೃದಯದ ಗುರುತು ಹಾಕಿದರೆ ಯಾರಿಗೂ ಹೇಳುವುದಕ್ಕೇನೂ ಉಳಿಯುವುದಿಲ್ಲ. ಯಾವ ಶಾಫ್ಟು, ಯಾವ ಲೈನು, ಯಾವ ಚರ್ಚಿನ ಹಿಂಭಾಗ, ಯಾವ ವರ್ಷ ಎಂದು ಬರೆದರೆ ಗೊತ್ತಿರುವವರು ಬಾಯಿ ತೆರೆಯುತ್ತಾರೆ. ಈ ನೆಲದಲ್ಲಂತೂ ಬರೆಯಲು ಬೇಕಾದಷ್ಟಿದೆ. ಶಿವನಸಮುದ್ರದಲ್ಲಿ ಉತ್ಪಾದಿಸಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹರಿದು ಗಣಿಗೆ ಬಂದದ್ದು 1902ರಲ್ಲಿ. ಬೆಂಗಳೂರಿನ ಬೀದಿಗಳಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ಹಳೆಯ ವಿದ್ಯುತ್ ಕಂಬವೊಂದರ ಚಿತ್ರದ ಕೆಳಗೆ ಈ ಎರಡು ಇಸವಿ ಬರೆದು ನೋಡಿ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು ಜಗತ್ತಿನ ಅತಿ ಆಳದ ಗಣಿಗಳ ಸಾಲಿಗೆ ಸೇರಿತ್ತು. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು, ಜಪಾನ್ ಮತ್ತು ಇಂಗ್ಲೆಂಡಿನ ಜೊತೆಗಾರರೊಂದಿಗೆ, ಈ ಗಣಿಯಾಳದಲ್ಲೇ ವಾತಾವರಣದ ನ್ಯೂಟ್ರಿನೊಗಳ ಸುಳಿವು ಹಿಡಿದರು. ಬಂಗಾರಪೇಟೆಗೆ ಮೊದಲಿದ್ದ ಹೆಸರು ಬೌರಿಂಗ್‌ಪೇಟೆ. ಮೈಸೂರಿನ ಕಮಿಷನರ್ ಆಗಿದ್ದ ಲೂಯಿನ್ ಬೌರಿಂಗ್ ಅವರಿಂದ ಬಂದದ್ದು. ಅಲ್ಲಿಂದ ಮಾರಿಕುಪ್ಪಂವರೆಗಿನ ರೈಲು ದಾರಿ 1894ರದ್ದು. ಇಂಥ ಒಂದೊಂದು ಸಂಗತಿ ಒಂದೊಂದು ಪೋಸ್ಟು. ಎಲ್ಲವನ್ನೂ ಒಂದರಲ್ಲೇ ತುರುಕಬಾರದು.

ಭಾಷೆಯ ಪ್ರಶ್ನೆ ಇಲ್ಲಿ ಸೂಕ್ಷ್ಮ. ಲೈನುಗಳಲ್ಲಿ ಮನೆಮಾತು ಹೆಚ್ಚಾಗಿ ತಮಿಳು, ಸಂತೆಯಲ್ಲಿ ತೆಲುಗು ಕನ್ನಡ ಎರಡೂ, ಮುಸ್ಲಿಂ ಮೊಹಲ್ಲಾಗಳಲ್ಲಿ ಉರ್ದು, ಹಳೆಯ ಶಾಲೆಗಳಲ್ಲಿ ಇಂಗ್ಲಿಷ್. ಎಲ್ಲರಿಗೂ ಒಪ್ಪಿಗೆಯಾಗಲಿ ಎಂದು ಬರೀ ಇಂಗ್ಲಿಷ್ ಬಳಸಿದರೆ ಬರಹ ಬಡವಾಗುತ್ತದೆ. ಕನ್ನಡದಲ್ಲಿ ನಾಲ್ಕು ಸಾಲು, ಅದರಡಿ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಎರಡು ಸಾಲು ಇದ್ದರೆ ಊರಿನ ನಿಜವಾದ ಸದ್ದು ಪುಟಕ್ಕೆ ಬರುತ್ತದೆ. ಹುಡುಕಾಟಕ್ಕೂ ಇದು ಒಳ್ಳೆಯದು, ಏಕೆಂದರೆ ಬರಹದಲ್ಲಿರುವ ಪದಗಳನ್ನೇ ಇನ್‌ಸ್ಟಾಗ್ರಾಮ್ ಹುಡುಕಾಟ ಹೊಂದಿಸಿ ನೋಡುತ್ತದೆ. ‘ಬಂಗಾರಪೇಟೆ’ ಎಂದು ಕನ್ನಡ ಅಕ್ಷರದಲ್ಲಿ ಹುಡುಕುವವರಿಗೆ ಕನ್ನಡದಲ್ಲಿ ಬರೆದವರೇ ಸಿಗಬೇಕಲ್ಲವೇ?

ಹಳೆಯ ಫೋಟೊಗಳ ವಿಷಯದಲ್ಲಿ ಸ್ವಲ್ಪ ನಿಷ್ಠುರವಾಗಿ ಹೇಳಬೇಕು. ಬ್ರಿಟಿಷರ ಕಾಲದ ಕ್ಲಬ್ಬು, ಬಂಗಲೆ, ಶಾಫ್ಟುಗಳ ಅವೇ ಹತ್ತಿಪ್ಪತ್ತು ಚಿತ್ರಗಳನ್ನು ಒಂದು ಪುಟದಿಂದ ಇನ್ನೊಂದು ಪುಟ ಎತ್ತಿಕೊಂಡು, ಮೇಲೆ ತನ್ನ ಹೆಸರು ಒತ್ತಿ ಹಾಕುವುದು ಬಹಳ ಕಾಲದಿಂದ ನಡೆದಿದೆ. ನೈತಿಕವಾಗಿ ತಪ್ಪು ಎಂಬುದು ಒಂದು ಮಾತಾಯಿತು. 2024ರ ಏಪ್ರಿಲ್‌ನಲ್ಲಿ ಇನ್‌ಸ್ಟಾಗ್ರಾಮ್ ತನ್ನ ಶಿಫಾರಸಿನ ನಿಯಮವನ್ನೇ ಬದಲಿಸಿತು: ಬೇರೆಯವರದ್ದನ್ನು ಹಾಗೆಯೇ ಮತ್ತೆ ಮತ್ತೆ ಹಾಕುವ ಖಾತೆಗಳನ್ನು ಹೊಸಬರಿಗೆ ತೋರಿಸುವುದು ಕಡಿಮೆ, ಮೂಲ ಖಾತೆಗೆ ಆದ್ಯತೆ. ಅಂದರೆ ಎತ್ತಿಕೊಂಡ ಚಿತ್ರದಿಂದ ಬೆಳೆಯುವ ದಾರಿ ಕಿರಿದಾಗಿದೆ. ಹಳೆಯ ಚಿತ್ರ ಬೇಕೆಂದರೆ ಊರಿನ ಮನೆಗಳ ಕಬ್ಬಿಣದ ಟ್ರಂಕು ತೆರೆಯಬೇಕು. ಮದುವೆಯ ಫೋಟೊ, ಶಾಲೆಯ ಗುಂಪು ಫೋಟೊ, ಹಾಕಿ ತಂಡದ ಫೋಟೊ, ಕ್ರಿಸ್‌ಮಸ್ ಹೊತ್ತಿನ ಕುಟುಂಬದ ಫೋಟೊ. ಮನೆಯವರ ಒಪ್ಪಿಗೆ ಪಡೆದು, ಕಿಟಕಿಯ ಬೆಳಕಿನಲ್ಲಿಟ್ಟು, ಪ್ಲಾಸ್ಟಿಕ್ ಹೊದಿಕೆ ತೆಗೆದು, ನೇರ ಮೇಲಿನಿಂದ ತೆಗೆದರೆ ಮೊಬೈಲಿನಲ್ಲೇ ಚೆನ್ನಾಗಿ ಬರುತ್ತದೆ. ಕೊಟ್ಟವರ ಹೆಸರನ್ನು ಅವರು ಬಯಸಿದ ಹಾಗೆ ಹಾಕಬೇಕು. ಭಾರತದ ಕಾಯಿದೆಯಲ್ಲಿ ಫೋಟೊದ ಹಕ್ಕು ಅದನ್ನು ತೆಗೆದವರು ಬದುಕಿರುವವರೆಗೆ, ಅವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ; 2012ರ ತಿದ್ದುಪಡಿಗೆ ಮೊದಲು ಅದು ಪ್ರಕಟವಾದ ಮೇಲೆ 60 ವರ್ಷ ಇತ್ತು. ಆದರೆ ಹಕ್ಕು ಮುಗಿದ ಚಿತ್ರಕ್ಕೂ ಋಣವಿರುತ್ತದೆ. ಈಗ ಒಂದೇ ಪೋಸ್ಟಿನಲ್ಲಿ 20 ಚಿತ್ರಗಳವರೆಗೆ ಹಾಕಬಹುದು. ಮೊದಲು ಅಂದಿನ ಚಿತ್ರ, ಪಕ್ಕಕ್ಕೆ ಸರಿಸಿದರೆ ಅದೇ ಜಾಗ ಇಂದು: ಈ ಜೋಡಿಯ ಮುಂದೆ ಜನ ನಿಲ್ಲುತ್ತಾರೆ, ಹಿಂದಕ್ಕೆ ಮುಂದಕ್ಕೆ ಸರಿಸಿ ನೋಡುತ್ತಾರೆ.

ಇನ್ನು ಸೈನೈಡ್ ದಿಬ್ಬ. ಅದುರನ್ನು ಪುಡಿ ಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನ ತೆಗೆದುಕೊಂಡ ಮೇಲೆ ಉಳಿದ ನುಣ್ಣನೆಯ ಹುಡಿಯನ್ನು ನೂರು ವರ್ಷಕ್ಕೂ ಹೆಚ್ಚು ಕಾಲ ಸುರಿದು ಆದ ಗುಡ್ಡಗಳಿವು. ಒಟ್ಟು ಮೂರು ಕೋಟಿ ಟನ್ನಿಗೂ ಹೆಚ್ಚು. ಮಳೆನೀರು ಕೊರೆದ ಸೀಳುಗಳಿಂದಾಗಿ ಇವುಗಳ ಮೈ ಮಡಿಕೆ ಮಡಿಕೆಯಾಗಿದೆ. ನಡು ಮಧ್ಯಾಹ್ನ ತೆಗೆದರೆ ಬೆಳ್ಳಗೆ ಚಪ್ಪಟೆ. ಸೂರ್ಯ ಕೆಳಗಿರುವ ಬೆಳಗಿನ ಮೊದಲ ಗಂಟೆ, ಸಂಜೆಯ ಕೊನೆಯ ಗಂಟೆಯಲ್ಲಿ ನೆರಳು ಸೀಳಿನೊಳಗೆ ಇಳಿದು ಆಕಾರ ಎದ್ದು ಬರುತ್ತದೆ. ಬಿಳಿ ಹುಡಿಯನ್ನು ಮೊಬೈಲ್ ತಾನೇ ಮಂಕು ಮಾಡಿಬಿಡುತ್ತದೆ. ಪರದೆಯ ಮೇಲೆ ದಿಬ್ಬದ ಮೈಯನ್ನು ಬೆರಳಿನಿಂದ ಒತ್ತಿ ಬೆಳಕನ್ನು ಕೊಂಚ ಏರಿಸಿಕೊಳ್ಳಬೇಕು. ಇಷ್ಟು ಕಲೆಯ ಮಾತು.

ಜೀವದ ಮಾತು ಬೇರೆ. ಗಾಳಿ ಬೀಸುವ ತಿಂಗಳುಗಳಲ್ಲಿ ಈ ಹುಡಿ ಮನೆಯೊಳಕ್ಕೆ, ಎದೆಯೊಳಕ್ಕೆ ಹೋಗುತ್ತದೆ. ಸಿಲಿಕಾ ತುಂಬಿದ ಈ ದೂಳಿನಿಂದ ನರಳಿದ ಮನೆಗಳು ಇಲ್ಲಿ ಬೇಕಾದಷ್ಟಿವೆ. ನೃತ್ಯದ ರೀಲಿಗಾಗಿ ಕೈತುಂಬ ಎತ್ತಿ ತೂರುವ ಹುಡಿ ಅದೇ. ಅಂಚುಗಳು ಕುಸಿಯುತ್ತವೆ. ಗಣಿಯ ಆವರಣ ನಿಷೇಧಿತ ಪ್ರದೇಶ. ಮುಚ್ಚಿದ ಶಾಫ್ಟುಗಳ ಬಾಯಿ, ನೀರು ತುಂಬಿದ ಸುರಂಗ, ತುಕ್ಕು ಹಿಡಿದ ಕಬ್ಬಿಣದ ಗೋಪುರಗಳ ಬಳಿಗೆ ನುಸುಳಿ ರೀಲು ಮಾಡಿ ಸಾಹಸ ಎಂದು ಹಾಕಿದರೆ, ಅದನ್ನು ನೋಡಿ ಮುಂದೆ ಬರುವ ಹದಿನೈದು ವರ್ಷದ ಹುಡುಗನಿಗೆ ದಾರಿ ತೋರಿಸಿದಂತಾಗುತ್ತದೆ. ದೂರದ ರಸ್ತೆಯಿಂದ, ರೈಲಿನ ಕಿಟಕಿಯಿಂದ ತೆಗೆದ ಚಿತ್ರಗಳೇ ಎಷ್ಟೋ ಸಲ ಹೆಚ್ಚು ಚೆಂದ. ಒಳಗೆ ಹೋಗಲೇಬೇಕಾದವರು ಅನುಮತಿ ಪಡೆದು ಹೋಗಲಿ.

ಜನರ ಮುಖಗಳ ವಿಷಯವೂ ಇದೆ. ಲೈನಿನ ಕಿರಿದಾದ ಮನೆಯ ಹೊಸಿಲಲ್ಲಿ ಕುಳಿತ ಅಜ್ಜಿಯನ್ನು ಕೇಳದೆ ಕ್ಲಿಕ್ಕಿಸಿ, ಕೆಳಗೆ ಬಡತನದ ಬಗ್ಗೆ ಒಂದು ಮರುಕದ ಸಾಲು ಬರೆಯುವವರಿದ್ದಾರೆ. ಇದೇ ಊರಿನ ಗಣಿ ಕಾರ್ಮಿಕರು 1930ರಲ್ಲಿ ತಮ್ಮ ಬೆರಳಚ್ಚು ಪಡೆದು ನೋಂದಾಯಿಸುವ ಕ್ರಮದ ವಿರುದ್ಧ ಕೆಲಸ ನಿಲ್ಲಿಸಿ ಮುಷ್ಕರ ಹೂಡಿದ್ದರು. ನಮ್ಮ ಗುರುತು ನಮ್ಮದು, ಕೇಳದೆ ಕೊಂಡೊಯ್ಯಬೇಡಿ ಎಂಬ ಹಟ ಆ ಲೈನುಗಳಿಗೆ ಹೊಸದಲ್ಲ. ಅಜ್ಜಿಯ ಬಳಿ ಕೂತು ಮಾತಾಡಿ, ‘ಪಾಟ್ಟಿ, ಒಂದು ಫೋಟೊ ತೆಗೀಲಾ?’ ಎಂದು ಕೇಳಿ, ತೆಗೆದದ್ದನ್ನು ಅವರಿಗೇ ತೋರಿಸಿದರೆ ಚಿತ್ರವೂ ಬದಲಾಗುತ್ತದೆ. ಬೇಡ ಎಂದರೆ ಬೇಡ.

ಬಂಗಾರಪೇಟೆಯ ಪಾನಿಪುರಿ ಇನ್ನೊಂದು ಪಾಠ. ಎಲ್ಲೆಡೆಯ ಹಸಿರು ಪಾನಿಯಂತಲ್ಲ, ಕುಡಿಯುವ ನೀರಿನಷ್ಟು ತಿಳಿ. ಬಾಯಿಗೆ ಹಾಕಿಕೊಂಡರೆ ಕಣ್ಣಲ್ಲಿ ನೀರು ಬರುವಷ್ಟು ಖಾರ. ಬೆಂಗಳೂರಿನ ಬಡಾವಣೆಗಳಲ್ಲಿ ಬಂಗಾರಪೇಟೆ ಹೆಸರು ಹೊತ್ತ ಚಾಟ್ ಅಂಗಡಿಗಳು ಎದ್ದಿರುವುದೇ ಈ ನೀರಿನ ಬಲದಿಂದ. ಆಹಾರದ ರೀಲು ಮಾಡುವವರು ಇಲ್ಲಿಗೂ ಬಂದು, ಬಾಯಿ ಅಗಲಿಸಿ ಪೂರಿ ನುಂಗಿ, ‘ವಾವ್’ ಎಂದು ಹೋಗುತ್ತಾರೆ. ಅಂಗಡಿಯವರ ಕೈ ತೋರಿಸುವವರು ಕಡಿಮೆ. ಪೂರಿ ಒಡೆಯುವ ಹೆಬ್ಬೆರಳು, ಲೋಟದಲ್ಲಿ ಹಿಂದಿನ ಗೋಡೆ ಕಾಣುವಷ್ಟು ತಿಳಿಯಾದ ಪಾನಿ, ಮೊದಲ ಸಲ ತಿಂದವರ ಮುಖ. ರೀಲಿನಲ್ಲಿ ಮೊದಲ ಎರಡು ಮೂರು ಸೆಕೆಂಡಿನಲ್ಲೇ ನೋಡುಗ ಉಳಿಯುವುದೋ ಸರಿಯುವುದೋ ತೀರ್ಮಾನವಾಗುತ್ತದೆ. ಇಲ್ಲಿ ಆ ಸೆಕೆಂಡುಗಳಿಗೆ ಬೇಕಾದ ಪ್ರಶ್ನೆಯನ್ನು ತಿಂಡಿಯೇ ಒದಗಿಸುತ್ತದೆ: ಇಷ್ಟು ತಿಳಿ ನೀರು ಖಾರ ಹೇಗಾಯಿತು? ಉತ್ತರಕ್ಕಾಗಿ ಕೊನೆಯವರೆಗೆ ನೋಡುತ್ತಾರೆ. ಹತ್ತಿರದ ಕಮ್ಮಸಂದ್ರದ ಕೋಟಿಲಿಂಗೇಶ್ವರದಲ್ಲಿ ಇದರ ಉಲ್ಟಾ: 108 ಅಡಿಯ ಲಿಂಗದ ಮುಂದೆ ಎಲ್ಲರೂ ಒಂದೇ ಜಾಗದಲ್ಲಿ ನಿಂತು ಒಂದೇ ಚಿತ್ರ ತೆಗೆಯುತ್ತಾರೆ. ಅಲ್ಲಿಯೂ ಲಿಂಗ ಕಡೆಯುವವರ ಉಳಿ, ಹರಕೆ ಹೊತ್ತು ಪುಟ್ಟ ಲಿಂಗ ಇಡಿಸುವ ಕುಟುಂಬ ಕಾಣಿಸಿದರೆ ಕಥೆ ಬೇರೆಯೇ.

ಅಂಗಡಿಯವರು ದುಡ್ಡು ಕೊಟ್ಟೋ ಪುಕ್ಕಟೆ ತಿನ್ನಿಸಿಯೋ ರೀಲು ಮಾಡಿಸಿದರೆ ಅದನ್ನು ಹೇಳಲೇಬೇಕು. ಭಾರತದ ಜಾಹೀರಾತು ಮಾನದಂಡ ಮಂಡಳಿ 2021ರಿಂದ ಇದಕ್ಕೆ ಸ್ಪಷ್ಟ ಸೂಚನೆ ಕೊಟ್ಟಿದೆ. ಹ್ಯಾಶ್‌ಟ್ಯಾಗ್ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಅವು ರೀಚ್ ಅನ್ನು ಅಷ್ಟೇನೂ ಹೆಚ್ಚಿಸುವುದಿಲ್ಲ ಎಂದು ಮೊಸ್ಸೇರಿಯೇ ಹೇಳಿದ್ದಾರೆ. ಊರಿನ ಹೆಸರಿನ ಮೂರು ನಾಲ್ಕು ಸಾಕು. ದುಡ್ಡು ಕೊಟ್ಟು ಫಾಲೋವರ್‌ಗಳನ್ನು ಕೊಳ್ಳುವುದು ಕೈಯಾರೆ ತನ್ನ ಖಾತೆಯನ್ನು ಕೊಂದುಕೊಂಡಂತೆ: ಆ ಸುಳ್ಳು ಖಾತೆಗಳು ನೋಡುವುದೂ ಇಲ್ಲ, ಕಳಿಸುವುದೂ ಇಲ್ಲ. ಯಾವ ಹೊತ್ತಿಗೆ ಹಾಕಬೇಕು ಎಂಬುದಕ್ಕೆ ಖಾತೆಯ ಇನ್‌ಸೈಟ್ಸ್ ತೆರೆದರೆ ನಿಮ್ಮ ಜನ ಯಾವಾಗ ಎಚ್ಚರ ಎಂದು ಕಾಣುತ್ತದೆ. ಮೆಲ್ಬರ್ನ್‌ನಲ್ಲಿ ಸಂಜೆಯಾದಾಗ ಮಾರಿಕುಪ್ಪಂನಲ್ಲಿ ಮಧ್ಯಾಹ್ನ.

ಕಾಮೆಂಟುಗಳಲ್ಲಿ ಬರುವ ಮಾತಿಗೆ ಉತ್ತರಿಸುವುದು ಎಲ್ಲಕ್ಕಿಂತ ಹೆಚ್ಚು ಸಮಯ ಬೇಡುವ ಕೆಲಸ, ಹೆಚ್ಚು ಫಲ ಕೊಡುವುದೂ ಅದೇ. ‘ಇದು ನಂದಿದುರ್ಗ ಗಣಿ ಅಲ್ಲ, ಮೈಸೂರು ಗಣಿ’ ಎಂದು ಹಿರಿಯರೊಬ್ಬರು ತಿದ್ದಿದರೆ ಬರಹವನ್ನು ಕೂಡಲೇ ಸರಿಪಡಿಸಿ, ಅವರ ಕಾಮೆಂಟನ್ನು ಮೇಲಕ್ಕೆ ಪಿನ್ ಮಾಡಬೇಕು. ಮರುದಿನ ಅವರು ಇನ್ನೊಂದು ಸಂಗತಿ ಹೊತ್ತು ಬರುತ್ತಾರೆ. ಕೆಜಿಎಫ್‌ನಲ್ಲಿ ಹುಟ್ಟಿ ಬೆಳೆದ ಬ್ರಿಜೆಟ್ ವೈಟ್-ಕುಮಾರ್ 2010ರಲ್ಲಿ ಊರಿನ ನೆನಪುಗಳ ಪುಸ್ತಕ ಬರೆದರು, ಆಂಗ್ಲೊ-ಇಂಡಿಯನ್ ಅಡುಗೆಯ ಪುಸ್ತಕಗಳಿಂದಲೂ ಹೆಸರಾದರು. ಅಂಥ ಬರಹಕ್ಕೆ ಕಾಯುವ ಓದುಗರು ಜಗತ್ತಿನಾದ್ಯಂತ ಇದ್ದಾರೆ. ಆ ಓದುಗರ ಮಕ್ಕಳು, ಮೊಮ್ಮಕ್ಕಳು ಈಗ ಇನ್‌ಸ್ಟಾಗ್ರಾಮ್‌ನಲ್ಲಿದ್ದಾರೆ.

2001ರಲ್ಲಿ ಕೊನೆಯ ಪಾಳಿ ಮುಗಿಸಿ ಮೇಲೆ ಬಂದ ಮೂವತ್ತರ ಯುವಕರು ಈಗ ಐವತ್ತೈದು ದಾಟಿದ್ದಾರೆ. ಆಗ ಐವತ್ತಾಗಿದ್ದವರಲ್ಲಿ ಉಳಿದವರು ಕೆಲವರು. ಪಂಜರದಂಥ ಕೇಜಿನಲ್ಲಿ ಎಷ್ಟು ಜನ ಇಳಿಯುತ್ತಿದ್ದರು, ಗಂಟೆಯ ಸಂಜ್ಞೆ ಎಷ್ಟು ಸಲ ಬಾರಿಸಿದರೆ ಏನರ್ಥ, ಆಳದ ಬಿಸಿಯಲ್ಲಿ ಊಟದ ಡಬ್ಬಿ ಎಲ್ಲಿಡುತ್ತಿದ್ದರು, ಬಂಡೆ ಸಿಡಿದ ದಿನ ಮೇಲೆ ನಿಂತ ಹೆಂಗಸರಿಗೆ ಸುದ್ದಿ ಹೇಗೆ ಮುಟ್ಟುತ್ತಿತ್ತು? ಇವನ್ನು ಹೇಳಬಲ್ಲವರು ಲೈನುಗಳ ಜಗುಲಿಯಲ್ಲಿ ಇನ್ನೂ ಕೂತಿದ್ದಾರೆ. ಮೂರು ನಿಮಿಷದ ರೀಲನ್ನೂ ಈಗ ಹಾಕಬಹುದು. ಒಬ್ಬರು ಒಂದು ಸಂಗತಿಯನ್ನು ತಮ್ಮ ಮನೆಮಾತಿನಲ್ಲೇ ಹೇಳಲು ಅಷ್ಟು ಸಾಕು. ಕೆಳಗೆ ಕನ್ನಡದ ಸಾಲುಗಳನ್ನು ಓಡಿಸಬಹುದು. ಪಿಯುಸಿ, ಡಿಗ್ರಿ ಓದುತ್ತಿರುವ ಹುಡುಗ ಹುಡುಗಿಯರು ವಾರಕ್ಕೊಬ್ಬರಂತೆ ತಮ್ಮ ಬೀದಿಯಿಂದಲೇ ಶುರು ಮಾಡಬಹುದು. ಮೈಕಿಗೆ ಗಾಳಿ ಬಡಿಯದಂತೆ ಗೋಡೆಯ ಮರೆಗೆ ಕೂರಿಸಿ, ಮೊದಲು ಹೆಸರು, ಗಣಿ, ಕೆಲಸಕ್ಕೆ ಸೇರಿದ ವರ್ಷ ಕೇಳಿಕೊಂಡು, ಆಮೇಲೆ ಅವರನ್ನು ಅವರ ಪಾಡಿಗೆ ಮಾತಾಡಲು ಬಿಡಬೇಕು.